ಕೆಲಸ ಹೋಗಿದ್ದು ದೇವರ ಶಿಕ್ಷೆಯೇ? ರಾಜೀನಾಮೆಗೆ ಸಹಿ ಹಾಕಲೇ?

ಪ್ರಶ್ನೆ: ನನಗೆ 43 ವರ್ಷ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ 14 ವರ್ಷ 4 ತಿಂಗಳಿಂದ ಸಿ.ಎನ್.ಸಿ. (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರ್. ಕಾಯಂ ನೌಕರ. ಒಟ್ಟು ಸಂಬಳ 31,000 ರೂ., ಅದರಲ್ಲಿ ಬೇಸಿಕ್ ಮತ್ತು ಡಿ.ಎ. ಸೇರಿ 18,200. ಮೂರು ವಾರದ ಹಿಂದೆ ನಮ್ಮ ಲೈನ್ ನಿಲ್ಲಿಸಿದರು. 38 ಜನರಿಗೆ ‘ನಾಳೆಯಿಂದ ಬರಬೇಡಿ, ಕರೀತೀವಿ’ ಅಂದರು. ಈಗ ಎಚ್.ಆರ್.ನವರು ರಾಜೀನಾಮೆ ಪತ್ರ ಟೈಪ್ ಮಾಡಿಟ್ಟಿದ್ದಾರೆ. ತಿಂಗಳ ಕೊನೆಯೊಳಗೆ ಸಹಿ ಹಾಕಿದರೆ ಮೂರು ತಿಂಗಳ ಸಂಬಳ, ಇಲ್ಲದಿದ್ದರೆ ಅದೂ ಇಲ್ಲ ಅಂತಾರೆ. ವಿಷಯ ಹೆಂಡತಿಗೆ ಮಾತ್ರ ಗೊತ್ತು. ಅಮ್ಮನಿಗೂ ಎಸ್ಸೆಸ್ಸೆಲ್ಸಿ ಓದುವ ಮಗಳಿಗೂ ಹೇಳಿಲ್ಲ. ದಿನಾ ಯೂನಿಫಾರಂ ಹಾಕಿಕೊಂಡು, ಊಟದ ಡಬ್ಬಿ ಹಿಡಿದು ಹೊರಟು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಸಂಜೆ ಮನೆಗೆ ಬರುತ್ತೇನೆ. ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು, ‘ಎರಡು ವರ್ಷದಿಂದ ದಶಮಾಂಶ (ಗಳಿಕೆಯ ಹತ್ತನೇ ಪಾಲಿನ ಕಾಣಿಕೆ) ಸರಿಯಾಗಿ ಕೊಟ್ಟಿಲ್ಲ, ಅದಕ್ಕೇ ಹೀಗಾಗಿದೆ, ಕಂಪನಿ ಮೇಲೆ ಹೋಗುವುದು ವಿಶ್ವಾಸಿಗೆ ತಕ್ಕದ್ದಲ್ಲ’ ಅಂದರು. 21 ದಿನದ ಉಪವಾಸ ಪ್ರಾರ್ಥನೆ ಹಿಡಿದಿದ್ದೇನೆ, ಸಂಜೆವರೆಗೆ ಬರೀ ನೀರು. ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಪಿ.ಎಫ್. ತೆಗೆದು ದಶಮಾಂಶದ ಬಾಕಿ ತೀರಿಸಲೇ? ಸಭೆಗೆ ಬರುವ ಒಬ್ಬರು ಕುವೈತ್‌ನಲ್ಲಿ ಕೆಲಸ ಕೊಡಿಸುತ್ತೇನೆ, ಒಂದೂವರೆ ಲಕ್ಷ ಆಗುತ್ತೆ ಅಂತಿದ್ದಾರೆ. ಹೋಗಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು, ಕಂಪನಿ ನಿಮ್ಮನ್ನು ಹೊರಗೆ ಹಾಕುತ್ತಿದೆ. ಇನ್ನೊಂದು, ದೇವರೂ ಕೈಬಿಟ್ಟನೋ ಏನೋ ಎಂಬುದು. ಎರಡನ್ನೂ ಒಂದೇ ಗಂಟು ಮಾಡಿಕೊಂಡಿದ್ದರಿಂದ ನಿಮಗೆ ನಷ್ಟವಾಗುತ್ತಿದೆ. ಶಿಕ್ಷೆ ಎಂದುಕೊಂಡವನು ತೆಪ್ಪಗೆ ಸಹಿ ಹಾಕುತ್ತಾನೆ. ಹಾಗಾಗಿ ತುರ್ತಿನದನ್ನು ಮೊದಲು ನೋಡೋಣ.

ಎಲ್ಲಕ್ಕಿಂತ ತುರ್ತು ನಿಮ್ಮ ಶುಗರ್. ಗ್ಲಿಮೆಪಿರೈಡ್ ಜಾತಿಯ ಮಾತ್ರೆ ನುಂಗಿ ಸಂಜೆವರೆಗೆ ಹೊಟ್ಟೆ ಖಾಲಿ ಬಿಟ್ಟರೆ ರಕ್ತದ ಸಕ್ಕರೆ 70ರ ಕೆಳಗೆ ಜಾರಬಹುದು. ಬೆವರು, ಕೈ ನಡುಕ, ಕಣ್ಣು ಮಂಜು, ಮಾತು ತೊದಲುವುದು ಅದರ ಗುರುತು. ಹಾಗಾದ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಆಮೇಲೆ ಊಟ ಮಾಡಿ. ಬರೀ ಮೆಟ್‌ಫಾರ್ಮಿನ್ ಆಗಿದ್ದರೆ ಅಪಾಯ ಕಡಿಮೆ. ಆದರೂ ಮಾತ್ರೆಯ ಚೀಟಿ ಹಿಡಿದು ಡಾಕ್ಟರನ್ನು ಕಾಣುವವರೆಗೆ ಉಪವಾಸ ನಿಲ್ಲಿಸಿ, ಪ್ರಾರ್ಥನೆ ಮಾತ್ರ ಇರಲಿ. ಕೆರೆ ಏರಿಯ ಮೇಲೆ ಒಬ್ಬರೇ ಕೂತಿರುವಾಗ ತಲೆಸುತ್ತಿ ಬಿದ್ದರೆ ನೋಡುವವರು ಯಾರು? ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ.

ಇನ್ನು ಆ ಪತ್ರ. ಸಹಿ ಹಾಕಬೇಡಿ, ಸದ್ಯಕ್ಕಂತೂ ಬೇಡ.

‘ರಾಜೀನಾಮೆ’ ಎಂದರೆ ನೀವಾಗಿಯೇ ಬಿಟ್ಟಿರಿ ಎಂದು ಅರ್ಥ. ಲೈನ್ ಮುಚ್ಚಿ ಕೆಲಸಗಾರರನ್ನು ತೆಗೆಯುವುದಕ್ಕೆ ಕಾನೂನಿನಲ್ಲಿರುವ ಹೆಸರು ಬೇರೆ: ರಿಟ್ರೆಂಚ್‌ಮೆಂಟ್. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕಾರ್ಮಿಕ ಸಂಹಿತೆಗಳಲ್ಲೂ, ಅದಕ್ಕೂ ಮುಂಚಿನ ಕಾಯ್ದೆಯಲ್ಲೂ ಇದರ ಮೂಲ ಲೆಕ್ಕ ಒಂದೇ: ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ. ಹೊಸ ಸಂಹಿತೆಯಲ್ಲಿ ಮರುತರಬೇತಿ ನಿಧಿಯಿಂದ ಇನ್ನೂ 15 ದಿನದ ವೇತನ ಸೇರುತ್ತದೆ. ಅದು 45 ದಿನದೊಳಗೆ ನಿಮ್ಮ ಖಾತೆಗೆ ಬೀಳಬೇಕು.

ನಿಮ್ಮದೇ ಅಂಕಿ ಹಾಕಿ ನೋಡಿ. 18,200ರ ಅರ್ಧ 9,100. ಅದನ್ನು 14ರಿಂದ ಗುಣಿಸಿದರೆ 1,27,400. ನೋಟಿಸ್ ತಿಂಗಳಿಗೆ ಕಡಿಮೆಯೆಂದರೂ 18,200. ಮರುತರಬೇತಿ ಹಣ ಹತ್ತು ಸಾವಿರದ ಆಸುಪಾಸು. ಒಟ್ಟು ಒಂದೂವರೆ ಲಕ್ಷ ದಾಟುತ್ತದೆ. ಎಚ್.ಆರ್.ನವರು ಉದಾರವಾಗಿ ಕೊಡುತ್ತೇವೆ ಎನ್ನುತ್ತಿರುವ ಮೂರು ತಿಂಗಳ ಸಂಬಳ 93,000. ಉಪಕಾರ ಯಾರಿಂದ ಯಾರಿಗೆ ಆಗುತ್ತಿದೆ ನೀವೇ ಹೇಳಿ.

ಗ್ರಾಚ್ಯುಟಿ, ಅಂದರೆ ಸೇವೆ ಮುಗಿದಾಗ ಕೊಡುವ ಇಡಿಗಂಟು, ಇದರಲ್ಲಿ ಸೇರಿಲ್ಲ, ಸೇರಲೂಬಾರದು. ರಾಜೀನಾಮೆ ಕೊಟ್ಟರೂ ತೆಗೆದುಹಾಕಿದರೂ ಐದು ವರ್ಷ ದಾಟಿದವರಿಗೆ ಅದು ಬಂದೇ ಬರಬೇಕು. ಲೆಕ್ಕ ಸುಲಭ: 18,200ನ್ನು 26ರಿಂದ ಭಾಗಿಸಿದರೆ 700, ಅದರ 15 ಪಟ್ಟು 10,500, ಅದರ 14 ಪಟ್ಟು 1,47,000. ಸೇವೆ 14 ವರ್ಷ 6 ತಿಂಗಳು ದಾಟಿದ್ದರೆ 15 ಎಂದು ಎಣಿಸುತ್ತಿದ್ದರು. ನಿಮ್ಮದು 4 ತಿಂಗಳು, ಹಾಗಾಗಿ 14. ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಕೈಚಳಕವೊಂದಿದೆ: ‘ಒಟ್ಟು ಇಷ್ಟು ಲಕ್ಷ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ ಸಣ್ಣದಾಗಿ ‘ಗ್ರಾಚ್ಯುಟಿ, ರಜೆ ನಗದೀಕರಣ ಎಲ್ಲ ಸೇರಿ’ ಎಂದು ಬರೆದಿರುತ್ತಾರೆ. ಆ ಸಾಲನ್ನು ಹುಡುಕಿ. ‘ಇನ್ನು ಯಾವ ಬಾಕಿಯೂ ಇಲ್ಲ’ ಎಂಬ ಸಾಲನ್ನೂ.

ಈಗ ಮಾಡಬೇಕಾದ್ದು. ಎಚ್.ಆರ್.ಗೆ ಇವತ್ತೇ ಒಂದು ಇಮೇಲ್ ಹಾಕಿ, ನಾಲ್ಕು ವಾಕ್ಯ ಸಾಕು. ಇಂಥ ದಿನ ಇಂಥವರು ಕೆಲಸಕ್ಕೆ ಬರಬೇಡಿ ಎಂದು ಬಾಯಿಮಾತಿನಲ್ಲಿ ತಿಳಿಸಿದರು. ನಾನು ಕೆಲಸಕ್ಕೆ ಸಿದ್ಧನಿದ್ದೇನೆ. ಕೊಟ್ಟ ಪತ್ರವನ್ನು ಓದಿ ಉತ್ತರಿಸಲು ಸಮಯ ಬೇಕು. ನನಗೆ ಬರಬೇಕಾದ ಹಣದ ಬಾಬ್ತುವಾರು ಲೆಕ್ಕ ಲಿಖಿತವಾಗಿ ಕೊಡಿ. ಎರಡನೇ ವಾಕ್ಯ ಬಿಡಲೇಬೇಡಿ. ಅದಿಲ್ಲದಿದ್ದರೆ ನಾಳೆ ‘ಅವರೇ ಬರುವುದು ನಿಲ್ಲಿಸಿದರು’ ಎಂದು ಗೈರುಹಾಜರಿಯ ನೋಟಿಸ್ ಬರಬಹುದು. ಈ ಮೂರು ವಾರವನ್ನು ನಿಮ್ಮ ಗಳಿಕೆ ರಜೆಯಲ್ಲಿ ಕಳೆದಿದ್ದಾರೋ ಎಂದು ಪೇ ಸ್ಲಿಪ್‌ನಲ್ಲಿ ನೋಡಿ. ಕಳೆದಿದ್ದರೆ ಅದನ್ನೂ ಇಮೇಲ್‌ನಲ್ಲಿ ಆಕ್ಷೇಪಿಸಿ. ನೇಮಕಾತಿ ಪತ್ರ, ಕಾಯಂ ಆದೇಶ, ಕೊನೆಯ 12 ಪೇ ಸ್ಲಿಪ್, ಗುರುತಿನ ಚೀಟಿ ಎಲ್ಲದರ ಫೋಟೋ ತೆಗೆದು ಹೆಂಡತಿಯ ಫೋನಿಗೂ ಕಳಿಸಿಟ್ಟುಕೊಳ್ಳಿ. ಕಂಪನಿ ಆ್ಯಪ್‌ನಲ್ಲಿರುವ ಪೇ ಸ್ಲಿಪ್‌ಗಳನ್ನು ಲಾಗಿನ್ ಮುಚ್ಚುವ ಮೊದಲೇ ಇಳಿಸಿಕೊಳ್ಳಿ. ಎಷ್ಟೋ ಜನ ಎಡವುವುದು ಇಲ್ಲೇ.

ಜೊತೆಯ 37 ಮಂದಿ ಏನು ಮಾಡುತ್ತಿದ್ದಾರೆ? ಒಬ್ಬರೇ ಹೋಗಿ ಕೇಳುವುದಕ್ಕೂ ಇಪ್ಪತ್ತು ಜನ ಒಂದೇ ಅರ್ಜಿ ಹಿಡಿದು ಹೋಗುವುದಕ್ಕೂ ಅಜಗಜಾಂತರ. ನಿಮಗಿಂತ ಕಿರಿಯರು ಅದೇ ಬಗೆಯ ಕೆಲಸದಲ್ಲಿ ಬೇರೆ ಲೈನಿನಲ್ಲಿ ಉಳಿದಿದ್ದಾರೆಯೇ ವಿಚಾರಿಸಿ. ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕೆಂಬುದು ನಿಯಮ, ಅದನ್ನು ಮೀರಿದರೆ ಕಾರಣ ದಾಖಲಿಸಬೇಕು. ನಿಮ್ಮ ಹುದ್ದೆಗೆ ‘ಟೀಮ್ ಲೀಡರ್’ ಎಂದೋ ‘ಸೀನಿಯರ್ ಅಸೋಸಿಯೇಟ್’ ಎಂದೋ ಹೆಸರಿಟ್ಟು, ‘ನೀವು ಕಾರ್ಮಿಕರೇ ಅಲ್ಲ, ಕಾಯ್ದೆ ಅನ್ವಯಿಸುವುದಿಲ್ಲ’ ಎಂದರೆ ಹೆದರಬೇಡಿ. ನೋಡುವುದು ದಿನಾ ಮಾಡುವ ಕೆಲಸವನ್ನು. ಮೆಷಿನ್ ಮುಂದೆ ನಿಂತು ಜಾಬ್ ತೆಗೆಯುವವನು ಕಾರ್ಮಿಕನೇ.

ಮಾತಿಗೆ ಬಗ್ಗದಿದ್ದರೆ ಮೈಸೂರಿನ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಸಂಧಾನಾಧಿಕಾರಿ ಎರಡೂ ಕಡೆಯವರನ್ನು ಕರೆಸುತ್ತಾರೆ. ವಕೀಲರ ಖರ್ಚಿಗೆ ಹೆದರುವವರಿಗೆ ಒಂದು ಮಾತು: ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಫೋನ್ ಮಾಡಬಹುದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಂಧಾನ ಮುರಿದು ಕೇಸು ನ್ಯಾಯಮಂಡಳಿಗೆ ಹೋದರೆ ವರ್ಷಗಟ್ಟಲೆ ಎಳೆಯಬಹುದು. ಆ ಮಧ್ಯೆ ಸಂಬಳ ಇರುವುದಿಲ್ಲ, ಊರಿನ ಇತರ ಕಾರ್ಖಾನೆಗಳ ಎಚ್.ಆರ್.ಗಳಿಗೆ ಸುದ್ದಿ ಮುಟ್ಟುವುದೂ ಉಂಟು. ಹಾಗಾಗಿ ಹೆಚ್ಚಿನವರಿಗೆ ಒಳ್ಳೆಯ ದಾರಿ ನಡುವಿನದು: ಕಾನೂನಿನ ಲೆಕ್ಕವನ್ನು ಕೈಯಲ್ಲಿ ಹಿಡಿದು ಚೌಕಾಸಿ ಮಾಡುವುದು. ಗ್ರಾಚ್ಯುಟಿ ಬೇರೆ, ರಜೆ ಹಣ ಬೇರೆ, ಅದರ ಮೇಲೆ ಐದಾರು ತಿಂಗಳ ಸಂಬಳ, ಅನುಭವ ಪತ್ರ, ಎಲ್ಲವೂ ಒಂದೇ ಹಾಳೆಯಲ್ಲಿ. ಅಷ್ಟು ಬಂದರೆ ಸಹಿ ಹಾಕುವುದರಲ್ಲಿ ತಪ್ಪಿಲ್ಲ. ‘ರಿಟ್ರೆಂಚ್ ಆದವನು ಅಂತ ಪತ್ರದಲ್ಲಿದ್ದರೆ ಬೇರೆಲ್ಲೂ ಕೆಲಸ ಸಿಗಲ್ಲ’ ಎಂದು ಎಚ್.ಆರ್.ನವರು ಹೇಳಿದರೆ ನಂಬಬೇಡಿ. ‘ಲೈನ್ ಮುಚ್ಚಿತು, 38 ಜನರನ್ನು ತೆಗೆದರು’ ಎಂಬ ಉತ್ತರವನ್ನು ಯಾವ ಪ್ರೊಡಕ್ಷನ್ ಮ್ಯಾನೇಜರ್ ಆದರೂ ಅರ್ಥ ಮಾಡಿಕೊಳ್ಳುತ್ತಾನೆ. 14 ವರ್ಷ ಇದ್ದ ಕಡೆ ಸುಮ್ಮನೆ ರಾಜೀನಾಮೆ ಕೊಟ್ಟವನನ್ನೇ ಅವನು ಅನುಮಾನದಿಂದ ನೋಡುವುದು. ಇನ್ನೊಂದು: ತೆಗೆದ ಒಂದು ವರ್ಷದೊಳಗೆ ಕಂಪನಿ ಹೊಸಬರನ್ನು ತೆಗೆದುಕೊಳ್ಳುವುದಾದರೆ ರಿಟ್ರೆಂಚ್ ಆದವರನ್ನು ಮೊದಲು ಕರೆಯಬೇಕು. ರಾಜೀನಾಮೆ ಕೊಟ್ಟವರಿಗೆ ಆ ಹಕ್ಕಿಲ್ಲ.

ವಿಶ್ವಾಸಿ ಹೀಗೆಲ್ಲ ಕೇಳಬಹುದೇ ಎಂದು ನಿಮ್ಮ ಹಿರಿಯರು ಎತ್ತಿದ ಪ್ರಶ್ನೆಗೆ ಈಗ ಬರೋಣ. ಅವರ ಮನಸ್ಸಿನಲ್ಲಿರುವುದು ಬಹುಶಃ ಯೇಸುವಿನ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ. ಅಲ್ಲಿರುವುದು ಸಭೆಯ ಸಹೋದರರೇ ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವ ವಿಚಾರ. ಕಾರ್ಖಾನೆಯ ಆಡಳಿತ ಮಂಡಳಿಗೂ ನಿಮಗೂ ಆ ನೆಂಟಸ್ತನವಿಲ್ಲ. ಅದೇ ಪೌಲನು ಫಿಲಿಪ್ಪಿಯಲ್ಲಿ ಏನು ಮಾಡಿದ ನೋಡಿ, ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದ ಕೊನೆ. ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಸದ್ದಿಲ್ಲದೆ ಹೊರಡಿ ಎಂದು ಹೇಳಿಕಳಿಸುತ್ತಾರೆ. ಪೌಲ ಒಪ್ಪುವುದಿಲ್ಲ. ರೋಮ್ ಪೌರರಾದ ನಮ್ಮನ್ನು ಎಲ್ಲರೆದುರು ಹೊಡೆಸಿ ಈಗ ಗುಟ್ಟಾಗಿ ಕಳಿಸುತ್ತಾರೋ, ಅವರೇ ಬಂದು ಕರೆದುಕೊಂಡು ಹೋಗಲಿ ಎನ್ನುತ್ತಾನೆ. ಬರುತ್ತಾರೆ ಕೂಡ. ಮುಂದೆ ರೋಮ್ ಚಕ್ರವರ್ತಿ ಕೈಸರನಿಗೆ ಮೇಲ್ಮನವಿ ಹಾಕಿದವನೂ ಅವನೇ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕೆಂದು ಧರ್ಮೋಪದೇಶಕಾಂಡ 24:15 ಹೇಳಿದರೆ, ಹಿಡಿದಿಟ್ಟ ಕೂಲಿ ಕೂಗುತ್ತದೆ ಎಂದು ಯಾಕೋಬನ ಪತ್ರ 5:4 ಹೇಳುತ್ತದೆ. ಬಾಕಿ ಕೇಳುವುದು ಅವಿಶ್ವಾಸ ಎಂಬ ಮಾತಿಗೆ ಸತ್ಯವೇದದಲ್ಲಿ ಆಧಾರವಿಲ್ಲ. ಸುಳ್ಳು ಹೇಳದೆ, ಬೈಯದೆ ಕೇಳಿ, ಅಷ್ಟೇ.

ಶಿಕ್ಷೆಯ ಮಾತು. ಒಂದು ಲೈನ್ ನಿಲ್ಲುವುದು ಗಿರಾಕಿ ಕಂಪನಿ ಆ ಮಾಡೆಲ್ ಕೈಬಿಟ್ಟಾಗ, ಅದೇ ಭಾಗವನ್ನು ಬೇರೆಯವರು ಕಡಿಮೆ ದರಕ್ಕೆ ಕೊಟ್ಟಾಗ, ಕಾಯಂ ನೌಕರರ ಜಾಗದಲ್ಲಿ ಗುತ್ತಿಗೆಯವರನ್ನು ಇಟ್ಟರೆ ಉಳಿತಾಯ ಎಂದು ಯಾರೋ ಲೆಕ್ಕ ಹಾಕಿದಾಗ. ಒಂದೇ ದಿನ 38 ಜನರ ಕೆಲಸ ಹೋಯಿತಲ್ಲ, ಅವರಲ್ಲಿ ಹೆಚ್ಚಿನವರು ನಿಮ್ಮ ಸಭೆಯ ಮುಖವನ್ನೇ ನೋಡಿದವರಲ್ಲ. ಅವರೆಲ್ಲ ಯಾವ ದಶಮಾಂಶದ ಬಾಕಿ ಉಳಿಸಿಕೊಂಡಿದ್ದರು? ಹುಟ್ಟು ಕುರುಡನನ್ನು ತೋರಿಸಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ (ಯೋಹಾನ 9), ಸಿಲೋವದ ಗೋಪುರ ಬಿದ್ದು 18 ಜನ ಸತ್ತ ಸುದ್ದಿ ಎದ್ದಾಗ (ಲೂಕ 13), ಎರಡೂ ಸಲ ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕುತ್ತಾನೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಮೊದಲ ಏಳು ದಿನ ಬಾಯಿಬಿಡದೆ ಅವನ ಪಕ್ಕ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ್ದರಲ್ಲಿ ಅದೊಂದೇ ಒಳ್ಳೆಯದು. ಬಾಯಿ ತೆರೆದು ಅವನ ಪಾಪ ಹುಡುಕತೊಡಗಿದ ಮೇಲೆ ಕೊನೆಗೆ ದೇವರಿಂದಲೇ ಬೈಸಿಕೊಂಡರು.

‘ಕೆಲಸಮಾಡಲೊಲ್ಲದವನು ಊಟಮಾಡಬಾರದು’ ಎಂಬ ವಾಕ್ಯವನ್ನೂ (2 ಥೆಸಲೋನಿಕ 3:10) ಯಾರಾದರೂ ನಿಮ್ಮೆದುರು ಹೇಳಿಯಾರು. ಆ ಕನ್ನಡವನ್ನೇ ಗಮನಿಸಿ: ಒಲ್ಲದವನು. ಕೆಲಸ ಸಿಗದವನ ಬಗ್ಗೆ ಅಲ್ಲಿ ಒಂದಕ್ಷರವೂ ಇಲ್ಲ. ಸಿಗದವನ ಮಾತಿರುವುದು ಮತ್ತಾಯ 20ರ ದ್ರಾಕ್ಷೇತೋಟದ ಸಾಮ್ಯದಲ್ಲಿ. ಸಂಜೆ ಐದು ಗಂಟೆಯಾದರೂ ಪೇಟೆಯಲ್ಲಿ ನಿಂತೇ ಇದ್ದವರನ್ನು ಯಜಮಾನ ಏಕೆ ಎಂದು ಕೇಳಿದಾಗ ಅವರು, ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಎನ್ನುತ್ತಾರೆ. ಅವನು ಬೈಯುವುದಿಲ್ಲ, ಅನುಮಾನಿಸುವುದೂ ಇಲ್ಲ. ತೋಟಕ್ಕೆ ಹೋಗಿ ಎನ್ನುತ್ತಾನೆ.

ಪಿ.ಎಫ್. ತೆಗೆದು ದಶಮಾಂಶದ ಬಾಕಿ ತೀರಿಸುವುದು ಬೇಡ. ದಶಮಾಂಶವನ್ನು ಪೂರ್ತಿಯಾಗಿ ತನ್ನಿ ಎನ್ನುವ ಮಲಾಕಿಯ 3:10ನ್ನು ಮಾತ್ರ ಓದುವವರು ಧರ್ಮೋಪದೇಶಕಾಂಡ 14:28, 29ನ್ನು ಸಾಮಾನ್ಯವಾಗಿ ಓದುವುದಿಲ್ಲ. ಮೂರು ವರ್ಷಕ್ಕೊಮ್ಮೆ ಬೆಳೆಯ ದಶಮಾಂಶವನ್ನು ಊರಿನಲ್ಲೇ ಕೂಡಿಟ್ಟು ದೇವಾಲಯದ ಸೇವೆಯ ಲೇವಿಯನಿಗೆ, ಪರದೇಶಿಗೆ, ತಾಯಿತಂದೆಯಿಲ್ಲದವರಿಗೆ, ವಿಧವೆಯರಿಗೆ ಊಟಕ್ಕೆ ಕೊಡಬೇಕೆಂದು ಅಲ್ಲಿದೆ. ದಶಮಾಂಶ ಬಂದದ್ದು ಬೆಳೆ ಮತ್ತು ಹಿಂಡಿನ ಮೇಲೆ, ಅಂದರೆ ಆ ವರ್ಷ ಹುಟ್ಟಿದ್ದರ ಮೇಲೆ. ಬೆಳೆಯೇ ಇಲ್ಲದ ವರ್ಷ ಹತ್ತನೇ ಪಾಲು ಎಲ್ಲಿಂದ ತರುವುದು? ಇಲ್ಲದ್ದಕ್ಕಲ್ಲ, ಇರುವುದಕ್ಕೆ ತಕ್ಕಂತೆ ಎಂದು 2 ಕೊರಿಂಥ 8:12 ಕೂಡ ಹೇಳುತ್ತದೆ. ಕೊಡದೆ ಮನಸ್ಸು ಒಪ್ಪದಿದ್ದರೆ ಭಾನುವಾರದ ಕಾಣಿಕೆಗೆ ನಿಮ್ಮ ಕೈಲಾದಷ್ಟು ಹಾಕಿ, ಇಪ್ಪತ್ತು ರೂಪಾಯಿಯಾದರೂ ಸರಿ. ಹಿಂದಿನ ‘ಬಾಕಿ’ ಎಂಬ ಪುಸ್ತಕವನ್ನು ಮುಚ್ಚಿಬಿಡಿ. ಮುಚ್ಚಲು ಬಿಡದವರು ಇದ್ದರೆ ನೇರವಾಗಿ ನಿಮ್ಮ ಸಭಾಪಾಲಕರ ಬಳಿ ಮಾತಾಡಿ. ಹಿರಿಯರ ಮಾತೆಲ್ಲ ಸಭೆಯ ಮಾತಲ್ಲ.

ಪಿ.ಎಫ್. ಎಂದ ಮೇಲೆ ಅದರ ವಿವರ. ಕೆಲಸ ಬಿಟ್ಟು ಒಂದು ತಿಂಗಳಾದ ಮೇಲೆ 75%, ಎರಡು ತಿಂಗಳಿಗೆ ಪೂರ್ತಿ ಎಂಬ ನಿಯಮ ಹಿಂದೆ ಇತ್ತು. 2025ರ ಅಕ್ಟೋಬರ್‌ನಲ್ಲಿ ಪಿ.ಎಫ್. ಟ್ರಸ್ಟಿಗಳ ಮಂಡಳಿ, 75% ಕೂಡಲೇ, ಉಳಿದ 25%ಕ್ಕೆ 12 ತಿಂಗಳು ಕಾಯಬೇಕು ಎಂದು ತೀರ್ಮಾನಿಸಿತು. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಏನು ತೋರಿಸುತ್ತದೋ ನೋಡಿಕೊಂಡು ಮುಂದುವರಿಯಿರಿ. ನನ್ನನ್ನು ಕೇಳಿದರೆ, ಮುಟ್ಟಬೇಡಿ. ಬಡ್ಡಿ ಬರುತ್ತಲೇ ಇರುತ್ತದೆ. ಪಿಂಚಣಿ ಭಾಗಕ್ಕೆ 10 ವರ್ಷ ದಾಟಿರುವುದರಿಂದ ನಿಮಗೆ 58ಕ್ಕೆ ತಿಂಗಳ ಪಿಂಚಣಿಯ ಹಕ್ಕು ಈಗಾಗಲೇ ಬಂದಿದೆ. ಹೊಸ ಕಡೆ ಸೇರಿದಾಗ ಪಿ.ಎಫ್.ನ ಹಳೆಯ ಯು.ಎ.ಎನ್. (ಖಾತೆದಾರನ ಗುರುತಿನ) ಸಂಖ್ಯೆಯನ್ನೇ ಕೊಡಿ. ಕಂಪನಿಯವರು ಕೆಲಸ ಬಿಟ್ಟ ದಿನಾಂಕವನ್ನು ಪೋರ್ಟಲ್‌ನಲ್ಲಿ ಹಾಕದಿದ್ದರೆ ಹಣ ವರ್ಗವೂ ಆಗುವುದಿಲ್ಲ, ತೆಗೆಯಲೂ ಬರುವುದಿಲ್ಲ. ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ಆಧಾರ್ ಒಟಿಪಿ ಬಳಸಿ ನೀವೇ ಹಾಕಿಕೊಳ್ಳಬಹುದು.

ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ ಎಂದು ಪೇ ಸ್ಲಿಪ್‌ನಲ್ಲಿ ನೋಡಿ. ಇದ್ದರೆ, ಕೆಲಸ ಕಳೆದುಕೊಂಡವರಿಗೆ ಅಲ್ಲಿ ಈಗ ಯಾವ ಭತ್ಯೆಯ ಯೋಜನೆ ಇದೆ ಎಂದು ವಿಚಾರಿಸಿ, ಜೊತೆಗಾರರಿಗೂ ತಿಳಿಸಿ. ಸ್ವಂತ ರಾಜೀನಾಮೆ ಅಲ್ಲೂ ಅಡ್ಡಿಯಾಗುತ್ತದೆ. ಕಂಪನಿಯ ಗುಂಪು ವಿಮೆ ಇದ್ದರೆ ಅದರ ಮಾತೂ ಇಲ್ಲೇ. ಅದು ಕೊನೆಯ ದಿನಕ್ಕೇ ನಿಲ್ಲುತ್ತದೆ. ಶುಗರ್ ಇರುವವರಿಗೆ ಹೊಸ ಪಾಲಿಸಿಯಲ್ಲಿ ಕಾಯುವ ಅವಧಿ ಹಾಕುತ್ತಾರೆ. ಆದ್ದರಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗಲು ಏನು ಮಾಡಬೇಕೆಂದು ಕೊನೆಯ ದಿನಕ್ಕೆ ಮುಂಚೆಯೇ ಕೇಳಿ.

ಗ್ರಾಚ್ಯುಟಿ ಮತ್ತು ಪರಿಹಾರ ಸೇರಿದರೆ 2,74,400. ಮನೆ ಖರ್ಚನ್ನು ತಿಂಗಳಿಗೆ 22,000ಕ್ಕೆ ತಂದುಕೊಂಡರೆ ಇದು ಒಂದು ವರ್ಷದ ಅಕ್ಕಿ, ಬಾಡಿಗೆ, ಫೀಸು. ಈ ಹಣವನ್ನು ಉಳಿತಾಯ ಖಾತೆಯಲ್ಲಿ ಬಿಡಬೇಡಿ. ಬಿಟ್ಟರೆ ಸಾಲ ಕೇಳುವ ನೆಂಟರಿಗೂ ಗೊತ್ತಾಗುತ್ತದೆ, ನಿಮಗೂ ಕೈ ತುರಿಸುತ್ತದೆ. ಮೂರು ತಿಂಗಳ ಖರ್ಚು ಬಿಟ್ಟು ಉಳಿದದ್ದನ್ನು 25,000ದ ಚಿಕ್ಕ ಚಿಕ್ಕ ಠೇವಣಿಗಳಾಗಿ ಒಡೆದು, ಬೇಕಾದಾಗ ಒಂದೊಂದನ್ನೇ ಮುರಿಯಿರಿ. ಬೈಕಿನದೋ ಮತ್ಯಾವುದೋ ಕಂತು ಇದ್ದರೆ ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಅವಧಿ ವಿಸ್ತರಿಸಲು ಕೇಳಿ. ತಪ್ಪಿದ ಮೇಲೆ ಹೋದರೆ ಅವರ ದನಿಯೇ ಬೇರೆ ಇರುತ್ತದೆ.

ಕುವೈತ್. ವಿದೇಶಕ್ಕೆ ಕಳಿಸುವ ಏಜೆಂಟರು ಕೇಂದ್ರ ಸರ್ಕಾರದ ನೋಂದಣಿ ಪಡೆದಿರಬೇಕು. ಇ-ಮೈಗ್ರೇಟ್ ಜಾಲತಾಣದಲ್ಲಿ ಹೆಸರು ಹಾಕಿದರೆ ಗೊತ್ತಾಗುತ್ತದೆ. ಅವರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000, ಅದರ ಮೇಲೆ ಜಿ.ಎಸ್.ಟಿ. ಒಂದೂವರೆ ಲಕ್ಷ ಕೇಳಿದ ಕ್ಷಣವೇ ಅನುಮಾನ ಬರಬೇಕು. ಹಣ ನಗದಾಗಿ ಕೊಡಿ, ರಸೀದಿ ಆಮೇಲೆ, ಮೊದಲು ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸಿಕೊಳ್ಳಿ ಎಂದರೆ ಅಲ್ಲಿಗೆ ನಿಲ್ಲಿಸಿ. ಜೊತೆಗೆ ಕೂತು ಪ್ರಾರ್ಥನೆ ಮಾಡಿದವರು ಎಂಬುದು ಲೈಸೆನ್ಸ್ ಅಲ್ಲ. ಇಂಥ ಮೋಸ ಹಬ್ಬುವುದೇ ಒಬ್ಬರನ್ನೊಬ್ಬರು ನಂಬುವ ಜಾಗಗಳಲ್ಲಿ. ಅವರು ಪ್ರಾಮಾಣಿಕರೇ ಆಗಿರಬಹುದು, ಅವರ ಹಿಂದಿರುವ ಏಜೆಂಟ್ ಆಗಿರಬೇಕೆಂದಿಲ್ಲ.

ಇನ್ನು ಆ ಯೂನಿಫಾರಂ ನಾಟಕ. ಮೂರು ವಾರ ನಡೆಸಿದ್ದೀರಿ. ಮೈಸೂರು ಅಷ್ಟು ದೊಡ್ಡ ಊರೇನಲ್ಲ. ಬೆಳಿಗ್ಗೆ ವಾಕಿಂಗ್‌ಗೆ ಬರುವ ಪರಿಚಿತರು ಯಾರಾದರೂ ನಿಮ್ಮನ್ನು ಆ ಏರಿಯ ಮೇಲೆ ನೋಡಿಯೇ ನೋಡುತ್ತಾರೆ, ಸುದ್ದಿ ನಿಮಗಿಂತ ಮೊದಲು ಅಮ್ಮನನ್ನು ತಲುಪುತ್ತದೆ. ಇವತ್ತೋ ನಾಳೆಯೋ ಊಟವಾದ ಮೇಲೆ ಹೇಳಿಬಿಡಿ, ಹೆಂಡತಿ ಪಕ್ಕದಲ್ಲಿರಲಿ. ಮೂರು ಸಂಗತಿ ಸಾಕು: ‘ಅಮ್ಮಾ, ನಮ್ಮ ಲೈನ್ ಮುಚ್ಚಿದ್ದಾರೆ, 38 ಜನರದ್ದೂ ಹೋಯ್ತು. ಒಂದು ವರ್ಷಕ್ಕೆ ಆಗುವಷ್ಟು ದುಡ್ಡು ಬರಬೇಕು, ಕೇಳ್ತಿದೀನಿ. ನಿಮ್ಮ ಮಾತ್ರೆಗೂ ಮಗು ಫೀಸಿಗೂ ಅಡ್ಡಿಯಿಲ್ಲ.’ ಅಮ್ಮ ಅಳಬಹುದು. ಅತ್ತ ಮೇಲೆ ಸ್ತ್ರೀಯರ ಸಂಘದಲ್ಲಿ ಹೇಳಿಯೂ ಹೇಳುತ್ತಾರೆ, ತಡೆಯಬೇಡಿ. ಮಗಳಿಗೆ ‘ನೀನು ಓದು, ಇದು ನಮ್ಮ ಕೆಲಸ’ ಎಂದು ಬಾಗಿಲು ಹಾಕಬೇಡಿ. ಆ ವಯಸ್ಸಿನ ಮಕ್ಕಳಿಗೆ ಮನೆಯಲ್ಲಿ ಏನೋ ಆಗಿದೆ ಎಂಬುದು ಗೊತ್ತಿರುತ್ತದೆ, ಗೊತ್ತಿಲ್ಲದ್ದು ಎಷ್ಟು ಕೆಟ್ಟದ್ದು ಎಂಬುದಷ್ಟೇ.

ಸಭೆಯಲ್ಲಿ ಪ್ರಾರ್ಥನೆಗೆ ಕೇಳುವಾಗ ‘ನನಗಾಗಿ ಪ್ರಾರ್ಥಿಸಿ’ ಎಂದಷ್ಟೇ ನಿಲ್ಲಿಸಿದರೆ ‘ಅಯ್ಯೋ ಪಾಪ’ ಸಿಗುತ್ತದೆ. ‘ಸಿ.ಎನ್.ಸಿ. ಟರ್ನಿಂಗ್‌ನಲ್ಲಿ 14 ವರ್ಷ, ಸೆಟ್ಟಿಂಗ್ ಬರುತ್ತೆ, ಹೂಟಗಳ್ಳಿ, ಕೂರ್ಗಳ್ಳಿ, ಕಡಕೊಳ, ನಂಜನಗೂಡು ಎಲ್ಲಾದರೂ ಸರಿ’ ಎಂದರೆ ಮೂರನೇ ಬೆಂಚಿನಲ್ಲಿ ಕೂತವರ ಭಾವಮೈದುನ ನೆನಪಾಗುತ್ತಾನೆ. ಆಪರೇಟರ್ ಮತ್ತು ಸೆಟ್ಟರ್ (ಯಂತ್ರವನ್ನು ಕೆಲಸಕ್ಕೆ ಹೊಂದಿಸುವವನು) ನಡುವೆ ಸಂಬಳದ ಅಂತರ ದೊಡ್ಡದು. ಪ್ರೋಗ್ರಾಂ ತಿದ್ದಲು, ಆಫ್‌ಸೆಟ್ ಹಾಕಲು ಬರುತ್ತದಾದರೆ ಬಯೋಡೇಟಾದ ಮೊದಲ ಸಾಲಿನಲ್ಲೇ ಯಾವ ಕಂಟ್ರೋಲರ್ ಎಂಬುದರ ಸಮೇತ ಬರೆಯಿರಿ, ಫ್ಯಾನುಕ್, ಸೀಮೆನ್ಸ್ ಹೀಗೆ. ಕಾಯಂ ಕೆಲಸ ಸಿಗುವವರೆಗೆ ಗುತ್ತಿಗೆಯಲ್ಲಿ ಹದಿನೆಂಟು ಸಾವಿರಕ್ಕೆ ಹೋಗುವುದು ಅವಮಾನವಲ್ಲ. ಪೌಲ ಕೊರಿಂಥದಲ್ಲಿ ಗುಡಾರ ಹೊಲಿದು ಜೀವನ ನಡೆಸಿದವನು. ಆದರೆ ಪಿ.ಎಫ್. ಕಟ್ಟುವ ಗುತ್ತಿಗೆದಾರನನ್ನೇ ಆರಿಸಿಕೊಳ್ಳಿ. ಭಾನುವಾರದ ಶಿಫ್ಟ್ ಬಂದರೆ ಸಂಜೆಯ ಆರಾಧನೆಗೆ ಹೋಗಿ. ಮೊದಲ ಸಂದರ್ಶನದಲ್ಲೇ ‘ಭಾನುವಾರ ಬರಲ್ಲ’ ಎಂದು ಶುರುಮಾಡಬೇಡಿ. ಸೇರಿದ ಮೇಲೆ ಶಿಫ್ಟ್ ಅದಲುಬದಲು ಮಾಡಿಕೊಳ್ಳುವುದು ಸುಲಭ.

ನಿದ್ದೆ ಹೇಗಿದೆ ಎಂದು ನೀವು ಬರೆದಿಲ್ಲ. 1 ಅರಸು 19ರಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾವು ಕೇಳುತ್ತಾನೆ. ದೇವದೂತ ಅವನಿಗೆ ಬೋಧನೆ ಮಾಡುವುದಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಅವನು ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ ತಿನ್ನಿಸುತ್ತಾನೆ. ಮಾತುಕತೆ ಆಮೇಲೆ, ಬಹಳ ದೂರ ನಡೆದ ಮೇಲೆ. ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಬರದಿದ್ದರೆ, ಊಟ ರುಚಿಸದಿದ್ದರೆ, ಇರುವುದೇ ಬೇಡ ಎನಿಸತೊಡಗಿದರೆ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ, ಅಥವಾ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಮನಸ್ಸಿನ ಔಷಧಿ ತೆಗೆದುಕೊಂಡವನ ವಿಶ್ವಾಸ ಕಡಿಮೆ ಎನ್ನುವವರು ಶುಗರ್ ಮಾತ್ರೆಗೆ ಹಾಗೆ ಹೇಳುವುದಿಲ್ಲ, ಗಮನಿಸಿದ್ದೀರಾ?

ಕೊನೆಯದಾಗಿ, ಎಲ್ಲ ತೀರ್ಮಾನವಾಗಿ ಕಾಗದಕ್ಕೆ ಸಹಿ ಬೀಳುವ ದಿನ. ಯೂನಿಫಾರಂ, ಸೇಫ್ಟಿ ಶೂ, ಗುರುತಿನ ಚೀಟಿ, ಗೇಜು, ಲಾಕರ್ ಕೀಲಿ ಎಲ್ಲವನ್ನೂ ಹಿಂದಿರುಗಿಸಿ, ಒಂದೊಂದರ ಹೆಸರು ಬರೆದ ಹಾಳೆಗೆ ಸ್ಟೋರಿನವರ ಸಹಿ, ಸೀಲ್ ಪಡೆಯಿರಿ. ಒಂದು ಮೈಕ್ರೋಮೀಟರ್ ವಾಪಸಾಗಿಲ್ಲ ಎಂದು ಇಡೀ ಬಾಕಿಯನ್ನು ತಿಂಗಳುಗಟ್ಟಲೆ ತಡೆಹಿಡಿಯುವುದುಂಟು. ಸಂಬಳದ ಬಾಕಿ ಎರಡು ಕೆಲಸದ ದಿನಗಳೊಳಗೆ ಬರಬೇಕು, ಗ್ರಾಚ್ಯುಟಿ 30 ದಿನದೊಳಗೆ. 31ನೇ ದಿನ ಬೆಳಿಗ್ಗೆ ಬ್ಯಾಂಕ್ ಖಾತೆ ನೋಡಿ, ಬಂದಿರದಿದ್ದರೆ ಅವತ್ತೇ ಬಡ್ಡಿ ಸಮೇತ ಕೊಡುವಂತೆ ಇಮೇಲ್ ಹಾಕಿ.